ದಾರಿ ಬಿಟ್ಟವಳು

ಈಸ್ಟರ್‌ವೀರ್, ಫ್ರೀಸ್‌ಲ್ಯಾಂಡ್
೧೨ ಫೆಬ್ರವರಿ ೨೦೧೨, ಭಾನುವಾರ

ಪ್ರೀತಿಯ ತಮ್ಮ ಸೀಬ್ರೆನ್‌ಗೆ,

ನೀನೂ ಆಲಿಯೂ ಮಕ್ಕಳು ಮೊಮ್ಮಕ್ಕಳೂ ಚೆನ್ನಾಗಿದ್ದೀರೆಂದು ನಂಬುತ್ತೇನೆ. ನಿನ್ನ ಪತ್ರ ಡಿಸೆಂಬರ್ ಮೊದಲಲ್ಲಿ, ಸಿಂಟರ್‌ಕ್ಲಾಸ್ ಹಬ್ಬದ ವಾರದಲ್ಲೇ ಕೈಸೇರಿತ್ತು. ಉತ್ತರ ಬರೆಯಲು ಕೂರುವ ಹೊತ್ತಿಗೆ ಫೆಬ್ರವರಿ ಅರ್ಧ ಮುಗಿಯುತ್ತ ಬಂದಿದೆ. ಮೊದಲು ಪೀರ್‌ಗೆ ಕೆಮ್ಮು, ಆಮೇಲೆ ನನಗೆ ಸೋಮಾರಿತನ, ಆಮೇಲೆ ಈ ಚಳಿ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಎಷ್ಟು ಮಾತಾಡುತ್ತೇವೆಂದು ನಿನಗೇ ಗೊತ್ತು. ಅಲ್ಲಿ ಗಾಳಿ ಹೇಗಿದೆ, ಇಲ್ಲಿ ಗಾಳಿ ಹೀಗಿದೆ, ಸರಿ ಹಾಗಾದರೆ, ಇಡಲಾ? ಅಪ್ಪನ ಮಕ್ಕಳಲ್ಲವೇ ನಾವು.

ಸೊಂಟದ ಆಪರೇಷನ್ ಸಲೀಸಾಗಿ ಆಯಿತೆಂದು ಕೇಳಿ ಸಮಾಧಾನವಾಯಿತು. ಆದರೆ ಆಸ್ಪತ್ರೆಯಿಂದ ಬಂದ ವಾರದಲ್ಲೇ ನೀನು ಕೋಲು ಊರಿಕೊಂಡು ಕೊಟ್ಟಿಗೆಗೆ ಹೋಗಿ ನಿಂತಿದ್ದೆಯಂತೆ. ಆಲಿ ಬರೆದಿದ್ದಳು. ನಿನ್ನ ಮುಖ ನೋಡದಿದ್ದರೆ ಡೆನ್ಮಾರ್ಕಿನ ಹಸುಗಳೇನೂ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ಮಗನಿದ್ದಾನೆ, ನೋಡಿಕೊಳ್ಳುತ್ತಾನೆ. ಸುಮ್ಮನೆ ಕೂತುಕೋ.

ಇಲ್ಲಿಯ ಸುದ್ದಿಯೆಂದರೆ ಒಂದೇ, ಐಸು. ಹದಿನೈದು ದಿನಗಳಿಂದ ಊರಿಗೆ ಊರೇ ಹುಚ್ಚು ಹಿಡಿದಂತೆ ಆಡುತ್ತಿದೆ. ಹೆಪ್ಪುಗಟ್ಟಿದ ಕಾಲುವೆಗಳ ಮೇಲಿನ ಹನ್ನೊಂದು ಊರುಗಳ ಸ್ಕೇಟಿಂಗ್ ಓಟ ಈ ವರ್ಷ ನಡೆದೇ ನಡೆಯುತ್ತದೆಂದು ಟಿ.ವಿ.ಯವರು ಎಲ್ಲರ ತಲೆ ಕೆಡಿಸಿದ್ದರು. ಬುಧವಾರ ‘ಇಲ್ಲ’ ಅಂದುಬಿಟ್ಟರು. ದಕ್ಷಿಣದ ಕಡೆ ಐಸು ಇನ್ನೂ ತೆಳುವಾಗಿದೆಯಂತೆ. ಪೀರ್ ಆ ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ದೋಣಿಗಳಿಗೆ ಸೇತುವೆ ಎತ್ತಿ ಇಳಿಸುವ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷವಾದರೂ ಈಗಲೂ ದಿನಕ್ಕೆರಡು ಸಲ ಹೋಗಿ ತನ್ನ ಸೇತುವೆಯ ಕೆಳಗೆ ಐಸು ಎಷ್ಟು ದಪ್ಪವಾಗಿದೆಯೆಂದು ನೋಡಿ ಬರುತ್ತಾನೆ. ಈಗ ಗಾಳಿ ತಿರುಗಿದೆ. ನಾಳೆ ನಾಡಿದ್ದರಲ್ಲಿ ಎಲ್ಲ ಕರಗುತ್ತದೆ ಅನ್ನುತ್ತಾರೆ.

ಮೊಮ್ಮಗಳು ಫ್ರೇಯಾ ಶಾಲೆಯಲ್ಲಿ ಮನೆತನದ ಒಬ್ಬರ ಬಗ್ಗೆ ಮಾತಾಡಬೇಕು, ‘ಓಟದ ಅಜ್ಜಿ’ಯನ್ನೇ ಆರಿಸಿಕೊಂಡಿದ್ದಾಳೆ, ನೆನಪಿದ್ದದ್ದನ್ನೆಲ್ಲ ಬರೆದು ಕಳಿಸು ಎಂದಿದ್ದೆ. ಹತ್ತು ವರ್ಷದ ಹುಡುಗಿಗೆ ನನ್ನಂಥವಳ ಕಥೆ ಯಾಕೋ ಏನೋ. ಬರೆಯುತ್ತೇನೆ. ಅವಳಿಗೆ ಹೇಳಬಹುದಾದದ್ದನ್ನು ಹೇಳು, ಮಿಕ್ಕದ್ದನ್ನು ನೀನಿಟ್ಟುಕೋ.

ಶುರುವಾದದ್ದು ನಿನಗೂ ನೆನಪಿರಬೇಕು. ಅಪ್ಪ ಉದ್ದನೆಯ ಗಳುವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಜಾರುತ್ತಿದ್ದರು, ನಾವಿಬ್ಬರೂ ಅದನ್ನು ಹಿಡಿದು ಹಿಂದೆ. ಮರದ ಸ್ಕೇಟುಗಳನ್ನು ಚರ್ಮದ ಪಟ್ಟಿಯಿಂದ ಎಷ್ಟು ಬಿಗಿಯುತ್ತಿದ್ದರೆಂದರೆ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನೀನು ಅಳುತ್ತಿದ್ದೆ. ನಾನು ಅಳಲಿಲ್ಲವೆಂದು ಅಪ್ಪ ಒಮ್ಮೆ ತಿರುಗಿ ನೋಡಿ, “ಇವಳ ಕಾಲು ಸರಿಯಾಗಿದೆ” ಎಂದರು. ಅವರ ಬಾಯಲ್ಲಿ ಹೊಗಳಿಕೆಯೆಂದರೆ ಅದೇ. ಹಸು ಕೊಳ್ಳುವಾಗಲೂ ಅದೇ ಮಾತು.

ಒಂಬತ್ತನೇ ವಯಸ್ಸಿನಲ್ಲಿ ಊರಿನ ಐಸ್ ಸಂಘದ ಓಟದಲ್ಲಿ ಗೆದ್ದೆ. ಬಹುಮಾನ, ಹೊಗೆಗೆ ಹಾಕಿದ ಹಂದಿಮಾಂಸದ ದೊಡ್ಡ ತುಂಡು. ಅಮ್ಮ ಅದನ್ನು ಬಟಾಣಿ ಸೂಪಿಗೆ ಹಾಕಿ, “ನಮ್ಮ ಮನೇಲಿ ದುಡಿಯೋ ಕೈ ಇನ್ನೊಂದಾಯ್ತು” ಎಂದಳು. ಹದಿನೈದಕ್ಕೆ ಪ್ರಾಂತದ ತಂಡ, ಹತ್ತೊಂಬತ್ತಕ್ಕೆ ದೇಶದ ತಂಡ. ಹೇರೆನ್‌ವೀನ್‌ನ ಮೈದಾನಕ್ಕೆ ಅಪ್ಪನೇ ಹಳೆಯ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಅವರು ಕಾರು ಓಡಿಸುತ್ತಿದ್ದಷ್ಟು ದಿನವೂ ಹಾಲು ಕರೆದವನು ನೀನು. ಕರೆದು ಮುಗಿಸಿ ಹಾಗೇ ಶಾಲೆಗೆ ಓಡುತ್ತಿದ್ದೆ, ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಫ್ರೇಯಾಗೆ ಇದನ್ನು ಮರೆಯದೆ ಹೇಳು. ತಾತ ಹಸು ಕರೆದದ್ದಕ್ಕೇ ಅಜ್ಜಿ ಓಡಿದ್ದು.

ಬೇಸಿಗೆಯಲ್ಲಿ ಐಸು ಎಲ್ಲಿಂದ ಬರಬೇಕು? ಸೊಂಟ ಬಗ್ಗಿಸಿ, ಮೊಣಕಾಲು ಮಡಚಿ, ಕೈ ಬೆನ್ನ ಮೇಲಿಟ್ಟು ಕಾಲುವೆಯ ಏರಿಯ ಮೇಲೆ ಕುಕ್ಕರು ಹೆಜ್ಜೆಯಲ್ಲಿ ನಡೆಯುತ್ತಿದ್ದೆ. “ಗೋಸ್ಸೆಯ ಮಗಳು ಏನು ಕಳೆದುಕೊಂಡಿದ್ದಾಳೆ, ದಿನಾ ಹುಡುಕ್ತಾಳಲ್ಲ!” ಎಂದು ದಾರಿಹೋಕರು ಅಪ್ಪನನ್ನು ಕೇಳುತ್ತಿದ್ದರು. “ಸಿಕ್ಕಿದ ಮೇಲೆ ಹೇಳ್ತಾಳೆ” ಎನ್ನುತ್ತಿದ್ದರು ಅಪ್ಪ.

ಎರಡು ಸಲ ದೇಶಕ್ಕೆ ಮೊದಲಿಗಳಾದೆ. ನಾರ್ವೆ ನೋಡಿದೆ, ಸ್ವೀಡನ್ ನೋಡಿದೆ, ಸೋವಿಯೆತ್ ದೇಶದ ಬೆಟ್ಟದ ಮೇಲಿನ ಮೈದಾನ ನೋಡಿದೆ. ಅಲ್ಲಿ ಉಸಿರೇ ಸಾಲದೆ ಓಟ ಮುಗಿದ ಮೇಲೆ ಬೇಲಿ ಹಿಡಿದು ವಾಂತಿ ಮಾಡಿಕೊಂಡಿದ್ದೆ. ಇದನ್ನು ಹೇಳಬೇಡ. ಅಥವಾ ಹೇಳು, ಮಕ್ಕಳಿಗೆ ಅದೇ ಇಷ್ಟವಾಗುತ್ತದೆ. ಚೆನ್ನಾಗಿ ಓಡಿದ ದಿನ ಹೇಗಿರುತ್ತದೆಂದು ಅವಳು ಕೇಳಿದರೆ, ಸದ್ದಿನಿಂದ ಗೊತ್ತಾಗುತ್ತದೆಂದು ಹೇಳು. ಕಾಲು ಸರಿಯಾಗಿ ಬಿದ್ದರೆ ಐಸು ಗೊರಗೊರ ಅನ್ನುವುದಿಲ್ಲ, ಹೊಸ ಬಟ್ಟೆ ಕತ್ತರಿಸಿದ ಹಾಗೆ ಒಂದೇ ಉದ್ದನೆಯ ಸದ್ದು. ಆ ಸದ್ದು ಕೇಳುತ್ತಿದ್ದರೆ ದಣಿವು ಬೇರೆ ಯಾರದೋ ಅನ್ನಿಸುತ್ತದೆ.

ವಿಶ್ವ ಸ್ಪರ್ಧೆಯಲ್ಲಿ ಒಂದು ವರ್ಷ ಎಂಟನೆಯವಳು, ಮತ್ತೊಂದು ವರ್ಷ ಐದನೆಯವಳು. ಆಮೇಲೆ ಸ್ಪರ್ಧೆ ನಮ್ಮ ದೇಶದಲ್ಲೇ ನಡೆದ ಆ ವರ್ಷ ಬಂತು. ಐಸ್ ಸಂಘದವರು ಬಸ್ಸು ಮಾಡಿಕೊಂಡು ಬಂದಿದ್ದರು. ಮುಂದಿನ ಸೀಟಿನಲ್ಲಿ ಅಪ್ಪ, ಭಾನುವಾರದ ಕೋಟು ತೊಟ್ಟು. ನೀನು ಬರಲಿಲ್ಲ, ಕರು ಹಾಕುವ ಹಸುವೊಂದಿತ್ತು.

ಮೂರು ಸಾವಿರ ಮೀಟರ್. ನನ್ನ ಜೋಡಿ ಗೋಡೆಯ ಆಚೆಯ ಪೂರ್ವ ಜರ್ಮನಿಯ ರೋಸ್ವಿತಾ. ಓಟದಲ್ಲಿ ಇಬ್ಬಿಬ್ಬರು ಓಡುವುದು, ಒಬ್ಬರು ಒಳದಾರಿಯಲ್ಲಿ, ಒಬ್ಬರು ಹೊರದಾರಿಯಲ್ಲಿ. ಸುತ್ತಿಗೊಮ್ಮೆ ಆಚೆ ಬದಿಯಲ್ಲಿ ದಾರಿ ಅದಲುಬದಲು. ಇಬ್ಬರೂ ಒಟ್ಟಿಗೆ ಅಲ್ಲಿಗೆ ಬಂದರೆ ಹೊರಗಿನಿಂದ ಒಳಗೆ ಬರುವವಳಿಗೆ ಮೊದಲ ಹಕ್ಕು, ಒಳಗಿನವಳು ಬಿಟ್ಟುಕೊಡಬೇಕು. ಕೊನೆಯ ಅದಲುಬದಲಿನಲ್ಲಿ ನಾನು ಒಳಗಿದ್ದೆ, ಅವಳು ಹೊರಗಿದ್ದಳು. ನಾನು ಕೂದಲೆಳೆಯಷ್ಟು ಮುಂದಿದ್ದೆನೋ, ಇಬ್ಬರೂ ಸಮವಾಗಿದ್ದೆವೋ, ಆ ವೇಗದಲ್ಲಿ ಯಾರು ಹೇಳಬೇಕು? ಪಕ್ಕದಲ್ಲಿ ಅವಳ ಉಸಿರು ಕೇಳಿಸಿತು. ನಾನು ಬೆನ್ನೆತ್ತಿ ಒಂದು ಹೆಜ್ಜೆ ತಡೆದೆ. ಅವಳು ನನ್ನ ಮುಂದೆ ಹಾದು ಒಳಗೆ ಹೋದಳು. ಒಮ್ಮೆ ಕಡಿದ ಲಯ ಮತ್ತೆ ಕೂಡಲಿಲ್ಲ. ಅವಳಿಗೆ ಕಂಚು. ನಾನು ಕಣ್ಣು ಮಿಟುಕಿಸುವಷ್ಟು ಹಿಂದೆ, ನಾಲ್ಕನೆಯವಳು.

ಅಪ್ಪ ಏನೂ ಮಾತಾಡಲಿಲ್ಲ, ಸಂಘದ ಬಸ್ಸಿನಲ್ಲಿ ಊರಿಗೆ ಹೋದರು. ಮರುದಿನ ಮುಂಜಾನೆ ಹಾಲು ಕರೆಯುವುದಿತ್ತು. ನಾನು ಇನ್ನೂ ಎರಡು ವರ್ಷ ಓಡಿ, ಮೊಣಕಾಲು ಸಾಕು ಎಂದಾಗ ಬಿಟ್ಟೆ. ಶಾಲೆಯಲ್ಲಿ ವ್ಯಾಯಾಮದ ಟೀಚರಾದೆ. ಪೀರ್‌ನನ್ನು ಮದುವೆಯಾದೆ. ಸೇತುವೆ ಎತ್ತಿದ್ದಾಗ ಸೈಕಲ್ಲು ಹಿಡಿದು ಕಾಯುತ್ತ ನಿಂತವಳನ್ನು ಅವನು ಬೇಕೆಂದೇ ಮತ್ತಷ್ಟು ಹೊತ್ತು ಕಾಯಿಸುತ್ತಿದ್ದನಂತೆ. ಇದನ್ನು ಹೇಳು, ಮಕ್ಕಳು ನಗುತ್ತಾರೆ.

ಇಷ್ಟು ಫ್ರೇಯಾಗೆ. ಇನ್ನು ಮುಂದಿನದು ನಿನಗೆ.

ಹೋದ ಗುರುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಬಟಾಣಿ ಸೂಪು ಕುದಿಸುತ್ತಿದ್ದೆ. ಆ ದಿನ ಸಂಘದ ಮೈದಾನದಲ್ಲಿ ಅಂಗಡಿ ನೋಡಿಕೊಳ್ಳುವ ಸರದಿ ನನ್ನದು. ಬಾಗಿಲ ಗಂಟೆ ಸದ್ದಾಯಿತು. ಪೀರ್ ಹೋಗಿ ನೋಡಿ ಬಂದು ಪಿಸುಗುಟ್ಟಿದ. “ರಿನ್ಸ್ಕೆ, ಬಾಗಿಲಲ್ಲಿ ನನಗಿಂತ ಎತ್ತರದ ಹೆಂಗಸೊಬ್ಬಳು ನಿಂತಿದ್ದಾಳೆ. ಜರ್ಮನ್ ಮಾತಾಡ್ತಾಳೆ. ಸೇತುವೆ ಎತ್ತು ಅಂತ ಕೇಳೋಕೆ ಬಂದಿದ್ರೆ, ಐಸು ಕರಗಿದ ಮೇಲೆ ಬಾ ಅನ್ಲಾ?”

ಕೈ ಒರೆಸಿಕೊಂಡು ಹೋದೆ. ಬೆಳ್ಳಗಾದ ಕೂದಲು, ಕೈಯಲ್ಲೊಂದು ಊರುಗೋಲು. ಮುಖದಿಂದ ಗುರುತು ಸಿಗಲಿಲ್ಲ, ನಿಂತ ರೀತಿಯಿಂದ ಸಿಕ್ಕಿತು. ಎಡಭುಜ ಒಂದಿಷ್ಟು ಕೆಳಗೆ. ವರ್ಷಗಟ್ಟಲೆ ಆ ಭುಜವನ್ನು ಹಿಂದಿನಿಂದ ನೋಡಿದವಳು ನಾನು.

“ರೋಸ್ವಿತಾ” ಎಂದೆ.

“ಹೌದು. ಒಳಗೆ ಬರಬಹುದಾ?” ಎಂದಳು. ದನಿ ಗಂಡಸಿನದು. ಪೀರ್ ನನ್ನ ಮುಖ ನೋಡಿದ.

ಆಗೆಲ್ಲ ನಾವು ಮಾತಾಡಿದವರೇ ಅಲ್ಲ. ಅವರನ್ನು ಮಾತಾಡಲು ಬಿಡುತ್ತಿರಲಿಲ್ಲ. ಊಟದ ಮೇಜಿನಲ್ಲೂ ಕೋಟು ತೊಟ್ಟ ಒಬ್ಬ ಗಂಡಸು ಪಕ್ಕದಲ್ಲಿ ಕೂತಿರುತ್ತಿದ್ದ. ಒಮ್ಮೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಬೂಟಿನ ದಾರ ಕಿತ್ತಾಗ ಅವಳು ಏನೂ ಅನ್ನದೆ ತನ್ನದೊಂದನ್ನು ಎಸೆದಿದ್ದಳು. ನಮ್ಮ ಪರಿಚಯ ಅಷ್ಟೇ. ಈಗ ನನ್ನ ಅಡುಗೆಮನೆಯಲ್ಲಿ ಕೂತು, ಕಾಫಿ ಬರುವ ಮುಂಚೆಯೇ, ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದನ್ನು ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಿದಳು. ಆ ಕಂಚು.

“ಇದು ನಿನ್ನದು. ನನ್ನದಲ್ಲ” ಎಂದಳು.

ಪೀರ್ ಕಾಫಿಯ ಜಗ್ಗು ಹಿಡಿದವನು ಹಿಡಿದಂತೆಯೇ ನಿಂತ. “ಮೊದಲು ಸಕ್ಕರೆ ಬ್ರೆಡ್ ತಿನ್ನು” ಅಂದೆ. ನೋಡು, ನನ್ನ ಬಾಯಿಂದ ಬಂದದ್ದು ಅದು.

ಅವಳು ತಿಂದಳು. ತಿನ್ನುತ್ತಾ ಹೇಳಿದಳು. “ನನಗೆ ಹದಿನಾಲ್ಕು ವರ್ಷ ಆದಾಗ ಶುರು ಮಾಡಿದ್ರು. ಸಣ್ಣ ಮಾತ್ರೆ, ಊಟದ ಜೊತೆ. ವಿಟಮಿನ್ ಅಂದ್ರು. ನುಂಗೋವರೆಗೂ ಮುಂದೆ ನಿಂತಿರೋರು. ಅಮ್ಮನಿಗೆ ಹೇಳಬಾರದು, ಇದು ತಂಡದ ಗುಟ್ಟು ಅಂತಿದ್ರು.”

“ನಿನಗೆ ಅನುಮಾನ ಬರಲಿಲ್ವಾ?”

“ದನಿ ಒಡೆದಾಗ ಬಂತು. ಕೇಳಿದೆ. ಚಳಿಗೆ ಗಂಟಲು ಕಟ್ಟಿದೆ ಅಂದ್ರು.” ಅವಳು ನಕ್ಕಳು. “ನೋಡು, ಆ ಚಳಿ ಇನ್ನೂ ಬಿಟ್ಟಿಲ್ಲ.”

ನಾವೂ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಸೊಂಟ ಹೋಗಿದೆ, ಯಕೃತ್ತು ಹೋಗಿದೆ. ಎರಡು ಸಲ ಬಸಿರು ನಿಂತಿತು, ಎರಡು ಸಲವೂ ಮಗು ಉಳಿಯಲಿಲ್ಲ. ಗಂಡ ಬಿಟ್ಟುಹೋದ. ಇದನ್ನೆಲ್ಲ ಅವಳು ರೈಲಿನ ವೇಳೆ ಹೇಳುವವಳಂತೆ ಹೇಳಿದಳು. ಅಲ್ಲಿಯ ಹುಡುಗಿಯರಿಗೆ ಗಂಡು ಹಾರ್ಮೋನಿನ ಮಾತ್ರೆ ನುಂಗಿಸಿದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು, ನಿನಗೆ ನೆನಪಿರಬಹುದು, ಗೋಡೆ ಬಿದ್ದ ಕೆಲವು ವರ್ಷಗಳ ಮೇಲೆ. ಆಗ ನಾನು ಓದಿ ಪತ್ರಿಕೆ ಮಡಚಿಟ್ಟಿದ್ದೆ. ಅವಳ ಹೆಸರು ಅದರಲ್ಲಿರಲಿಲ್ಲ.

“ನಿನಗೂ ಆಗಲೇ ಗೊತ್ತಾಯ್ತಾ?” ಎಂದು ಕೇಳಿದೆ.

“ಆಗಲೇ. ಇಲ್ಲಿಗೆ ಬರೋಕೆ ಮಾತ್ರ ಆಗಲಿಲ್ಲ. ಇದು ಅಮ್ಮನ ಮನೆ ಗೋಡೆ ಮೇಲಿತ್ತು, ಗಾಜು ಹಾಕಿಸಿ, ಅಪ್ಪನ ಫೋಟೋ ಪಕ್ಕ. ಹಾಲಿನವನಿಗೂ ತೋರಿಸ್ತಿದ್ಲು. ಪೇಪರಲ್ಲಿ ಸುದ್ದಿ ಬಂದ ದಿನ, ‘ನಿನ್ನ ವಿಷಯ ಅಲ್ಲ ಅಲ್ವಾ?’ ಅಂದ್ಲು. ‘ಅಲ್ಲಮ್ಮ’ ಅಂದೆ. ಮತ್ತೆ ಯಾವತ್ತೂ ಕೇಳಲಿಲ್ಲ. ನವೆಂಬರಲ್ಲಿ ತೀರಿಕೊಂಡ್ಲು. ಈಗ ಇದನ್ನ ಇಟ್ಟುಕೊಳ್ಳೋಕೆ ನನಗೆ ಕಾರಣ ಇಲ್ಲ.”

ನಾನು ಅದನ್ನು ಅವಳ ಕಡೆಗೇ ಸರಿಸಿದೆ. “ನೀನೂ ಓಡಿದ್ದೀಯ ರೋಸ್ವಿತಾ. ಬೆಳಗಿನ ಚಳಿಯಲ್ಲಿ ಎದ್ದವಳು ನೀನೂ ಹೌದು. ತಗೊಂಡು ಹೋಗು.”

“ಓಡಿದ್ದು ನಾನಾ, ಆ ಮಾತ್ರೆನಾ?” ಎಂದಳು. “ನನ್ನ ಕಾಲಿಗೆ ಎಷ್ಟು ಬರ್ತಿತ್ತು ಅಂತ ನನಗೆ ಸಾಯೋವರೆಗೂ ಗೊತ್ತಾಗಲ್ಲ. ನಿನಗೆ ಗೊತ್ತು. ನಾಲ್ಕನೆಯವಳೇ ಆಗಿರಲಿ, ಅದು ನಿನ್ನ ಕಾಲು.”

ಮೇಜಿನ ನಡುವೆ ಅದು ಹಾಗೇ ಬಿದ್ದಿತ್ತು. ನಿಜ ಹೇಳಲಾ? ಇಪ್ಪತ್ತೈದರಲ್ಲಿ ಅದು ಸಿಕ್ಕಿದ್ದರೆ ಕೊರಳಲ್ಲಿ ಹಾಕಿಕೊಂಡೇ ಮಲಗುತ್ತಿದ್ದೆ. ಈಗ ನೋಡಿದರೆ ಚಿಕ್ಕದು, ಬಿಸ್ಕತ್ತಿನಷ್ಟು. ಕೋಪ ಬಂತು. ಅವಳ ಮೇಲಲ್ಲ. ಯಾರ ಮೇಲೆಂದು ಗೊತ್ತಿದ್ದರೆ ಹೋಗಿ ಎರಡು ಮಾತು ಬೈದು ಬರುತ್ತಿದ್ದೆ. ಪೀರ್ ಪರಿಸ್ಥಿತಿ ನೋಡಿ, “ಸೂಪು ತಳ ಹಿಡೀತಿದೆ” ಎಂದ. ಹಿಡಿದಿರಲಿಲ್ಲ. ಮೂವತ್ತು ವರ್ಷ ಸೇತುವೆ ಎತ್ತಿ ಇಳಿಸಿದವನಿಗೆ ಯಾವಾಗ ದಾರಿ ತೆರೆಯಬೇಕೆಂದು ಗೊತ್ತಿರುತ್ತದೆ.

ಸೂಪಿನ ಪಾತ್ರೆ ಕಾರಿನಲ್ಲಿಟ್ಟುಕೊಂಡು ಮೂವರೂ ಮೈದಾನಕ್ಕೆ ಹೋದೆವು. ಹೆಸ್ಸೆಲ್ ಅಲ್ಲೇ ಇದ್ದ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು. ಎಂಬತ್ತು ದಾಟಿದರೂ ಸಂಘದ ಬಾವುಟ ಏರಿಸುವುದು ಅವನೇ. ರೋಸ್ವಿತಾ ಬೆಂಚಿನ ಮೇಲೆ ಕೂತು ಚಾಕೊಲೆಟ್ ಹಾಲು ಕುಡಿಯುತ್ತ ಐಸನ್ನೇ ನೋಡುತ್ತಿದ್ದಳು. ಕೈಯಲ್ಲಿನ ಲೋಟ ತಣ್ಣಗಾದರೂ ಕಣ್ಣು ತೆಗೆಯಲಿಲ್ಲ. ಹಸಿದ ಮನುಷ್ಯ ಬೇಕರಿಯ ಗಾಜಿನೊಳಗೆ ನೋಡುವ ಹಾಗೆ.

“ಎಷ್ಟು ದಿನ ಆಯ್ತು?” ಎಂದೆ.

“ಐಸಿನ ಮೇಲೆ ಕಾಲಿಟ್ಟಾ? ಇಪ್ಪತ್ತು ವರ್ಷದ ಮೇಲಾಯ್ತು. ಬಿದ್ದರೆ ಈ ಸೊಂಟ ಪುಡಿಯಾಗುತ್ತೆ ಅಂದಿದ್ದಾರೆ ಡಾಕ್ಟರು.”

ಚಿಕ್ಕ ಮಕ್ಕಳು ಹಿಡಿದುಕೊಂಡು ಕಲಿಯಲೆಂದು ಸಂಘದವರು ಹಳೆಯ ಮರದ ಕುರ್ಚಿಗಳನ್ನು ಇಟ್ಟಿರುತ್ತಾರಲ್ಲ, ಅವುಗಳಲ್ಲೊಂದನ್ನು ಎಳೆದು ತಂದೆ. ಸ್ಕೇಟು ಕಟ್ಟಿಕೊಂಡೆ. “ಕೂತ್ಕೋ” ಎಂದೆ.

“ಹುಚ್ಚಾ ನಿನಗೆ!”

“ಕೂತ್ಕೊಳ್ಳೇ. ನಾನಿಲ್ಲಿ ಮಕ್ಕಳಿಗೆ ಇಪ್ಪತ್ತೈದು ವರ್ಷ ಪಾಠ ಹೇಳಿದವಳು. ಯಾರನ್ನೂ ಬೀಳಿಸಿಲ್ಲ.”

ಕೂತಳು. ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ತಳ್ಳಿದೆ. ಹೆಸ್ಸೆಲ್ ಬೇಲಿಯಿಂದ ಕೂಗಿದ. “ಹೋಯ್ ರಿನ್ಸ್ಕೆ, ಹೊಸ ಗಾಡಿನಾ? ಲೈಸೆನ್ಸ್ ಇದೆಯೇನೇ?”

“ಗಾಡಿ ನಿನಗಿಂತ ಜೋರಾಗಿ ಓಡುತ್ತೆ, ದಾರಿ ಬಿಡು ಮುದುಕಾ!”

“ಇದೇನು ಕಾಲ ಬಂತಪ್ಪಾ, ರಿನ್ಸ್ಕೆ ಬೇರೆಯವರಿಗೆ ದಾರಿ ಬಿಡು ಅಂತಾಳೆ!”

ಅವನಿಗೇನೂ ಕೆಟ್ಟ ಮನಸ್ಸಿಲ್ಲ ಬಿಡು. ಊರಿನವರು ಮೂವತ್ತು ವರ್ಷದಿಂದ ಆಡುವ ತಮಾಷೆ ಅದು. ಸೈಕಲ್ಲು ಅಡ್ಡ ಬಂದಾಗ, ಅಂಗಡಿಯ ಸಾಲಿನಲ್ಲಿ ನಿಂತಾಗ, “ರಿನ್ಸ್ಕೆ ಇದ್ದಾಳೆ ಬನ್ನಿ, ದಾರಿ ಬಿಡ್ತಾಳೆ” ಎನ್ನುತ್ತಾರೆ. ನಾನೂ ನಗುತ್ತೇನೆ. ಆದರೆ ರೋಸ್ವಿತಾಗೆ ಆ ಮಾತು ಹೇಗೋ ಅರ್ಥವಾಯಿತು. ನಮ್ಮ ಫ್ರೀಸಿಯನ್ ಅವಳಿಗೆ ಬರುವುದಿಲ್ಲ, ಆದರೂ ಅರ್ಥವಾಯಿತು. ಆಚೆ ಬದಿಗೆ ಬಂದಾಗ, ಗಾಳಿ ಬೆನ್ನಿಗಿದ್ದು ಕುರ್ಚಿ ತಾನೇ ಜಾರುತ್ತಿದ್ದಾಗ, ತಿರುಗದೆ ಕೇಳಿದಳು.

“ಆ ಓಟದ ಬಗ್ಗೆ ಅಂದನಾ ಅವನು?”

“ಹೌದು.”

“ನೀನು ಬೇಗ ದಾರಿ ಬಿಟ್ಟೆ ಅಂತಾರಾ?”

“ಕೆಲವರು ಅಂತಾರೆ. ಇನ್ನೆರಡು ಹೆಜ್ಜೆ ಜೋರಾಗಿ ಹಾಕಿದ್ರೆ ನಾನೇ ಮುಂದೆ ದಾಟಿಬಿಡ್ತಿದ್ದೆ ಅಂತ.”

ಅವಳು ಕುರ್ಚಿಯಲ್ಲಿ ಪೂರ್ತಿ ತಿರುಗಿ ನನ್ನ ಮುಖ ನೋಡಿದಳು. ನಾನು ಕುರ್ಚಿ ನಿಲ್ಲಿಸಿದೆ.

“ಯಾರು ಅಂದಿದ್ದು? ಐಸಿನ ಮೇಲಿದ್ದವರಾ, ಬೆಂಚಿನ ಮೇಲಿದ್ದವರಾ? ಕೇಳು. ಆ ದಿನ ನನಗೆ ವೇಗ ತಡೆಯೋಕೆ ಆಗ್ತಿರಲಿಲ್ಲ. ಆ ವಾರ ಮಾತ್ರೆ ಜಾಸ್ತಿ ಮಾಡಿದ್ರು. ಕಾಲು ತಾನೇ ಹೋಗ್ತಿತ್ತು, ತಲೆ ಹೇಳಿದ್ದು ಅದಕ್ಕೆ ಕೇಳಿಸ್ತಿರಲಿಲ್ಲ. ಕೋಚ್ ಹೇಳಿದ್ದ, ಅಲ್ಲಿ ತಲೆ ಎತ್ತಬೇಡ, ನುಗ್ಗು, ಅವಳು ಬಿಡದಿದ್ರೆ ಬೀಳ್ತಾಳೆ ಅಂತ. ನಾನು ತಲೆ ಎತ್ತಲಿಲ್ಲ. ನೀನು ಸಮವಾಗಿದ್ದೆ, ನಿನ್ನ ಸ್ಕೇಟಿನ ತುದಿ ನನ್ನ ಕಣ್ಣಂಚಿಗೆ ಕಾಣ್ತಿತ್ತು. ಮುಂದಿರಲಿಲ್ಲ. ಆ ಒಂದು ಹೆಜ್ಜೆ ನೀನು ತಡೆಯದಿದ್ರೆ ಇಬ್ಬರೂ ಹೋ‌ಗಿ ಬೇಲಿಗೆ ಬಡೀತಿದ್ವಿ. ಅವತ್ತು ನಮ್ಮಿಬ್ಬರನ್ನೂ ಉಳಿಸಿದ್ದು ನೀನು.”

ಮಕ್ಕಳು ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು. ದೂರದಲ್ಲಿ ಪೀರ್ ಸೂಪು ಬಡಿಸುತ್ತ ಯಾರಿಗೋ ಸೌಟು ತೋರಿಸಿ ಗದರುತ್ತಿದ್ದ. ನಾನು ಬಗ್ಗಿ ಸ್ಕೇಟಿನ ಪಟ್ಟಿ ಮತ್ತೆ ಬಿಗಿದೆ.

“ಈ ಮಾತು ಹೇಳೋಕೇ ಬಂದೆಯಾ ನೀನು?” ಎಂದು ಆಮೇಲೆ ಕೇಳಿದೆ.

“ಇಲ್ಲ. ಇದು ನಿನಗೆ ಗೊತ್ತಿದೆ ಅಂದುಕೊಂಡಿದ್ದೆ” ಎಂದಳು.

ಮತ್ತೆ ತಳ್ಳಿದೆ. ಇನ್ನೂ ಎರಡು ಸುತ್ತು ಹಾಕಿದೆವು. ಕೊನೆಯದರಲ್ಲಿ ಅವಳು ಕೂತಲ್ಲೇ ಬೆನ್ನು ಬಗ್ಗಿಸಿ, ಕೋಲನ್ನು ಬೆನ್ನ ಹಿಂದೆ ಹಿಡಿದು ಓಟದ ಭಂಗಿ ಮಾಡಿದಳು. ಹೆಸ್ಸೆಲ್ ಬಾವುಟ ಬೀಸಿದ.

ಆ ರಾತ್ರಿ ನಮ್ಮಲ್ಲೇ ಉಳಿದು ಶುಕ್ರವಾರ ಹೊರಟಳು. ರೈಲು ನಿಲ್ದಾಣದಲ್ಲಿ ಮತ್ತೆ ಆ ಕರವಸ್ತ್ರ ತೆಗೆದಳು. “ಬೇಡ ಅನ್ನಬೇಡ ರಿನ್ಸ್ಕೆ. ಇದನ್ನ ವಾಪಸ್ ಹೊತ್ತುಕೊಂಡು ಹೋಗೋಕೆ ನನ್ನಿಂದಾಗಲ್ಲ.” ಆಗ ಅರ್ಥವಾಯಿತು, ಅವಳು ಕೊಡಲು ಬಂದದ್ದಲ್ಲ, ಇಳಿಸಲು ಬಂದದ್ದು. ತೆಗೆದುಕೊಂಡೆ. ಅವಳು ರೈಲು ಹತ್ತುವಾಗ ಹಿಂದಿನಿಂದ ನೋಡಿದೆ. ಎಡಭುಜ ಕೆಳಗೇ ಇತ್ತು. ಬೇಸಿಗೆಯಲ್ಲಿ ನಾವೇ ಅವಳ ಊರಿಗೆ ಹೋಗುವುದೆಂದು ಪೀರ್ ಆಗಲೇ ನಕ್ಷೆ ಹರಡಿಕೊಂಡಿದ್ದಾನೆ.

ಅದು ಈಗ ಬೀರುವಿನ ಡ್ರಾಯರಿನಲ್ಲಿದೆ, ಮೇಜುಬಟ್ಟೆಗಳ ಕೆಳಗೆ. ಪೀರ್, “ಗೋಡೆಗೆ ಮೊಳೆ ಹೊಡೀಲಾ?” ಎಂದ. ಬೇಡ ಎಂದೆ. “ಅಪ್ಪನ ಸಮಾಧಿಗೆ ತಗೊಂಡು ಹೋಗು ಹಾಗಾದ್ರೆ” ಎಂದ. ಅದೂ ಬೇಡ ಎಂದೆ. ಜರ್ಮನಿಯ ಗೋಡೆ ಬಿದ್ದ ವರ್ಷವೇ, ಅದು ಬೀಳುವ ಮುಂಚೆ, ವಸಂತದಲ್ಲಿ ಹೋದವರು ಅಪ್ಪ. ಮಾತ್ರೆಯ ಸುದ್ದಿಯಾಗಲಿ ರೋಸ್ವಿತಾ ಹೇಳಿದ್ದಾಗಲಿ ಅವರ ಕಿವಿಗೆ ಬೀಳಲಿಲ್ಲ. ಈಗ ಕಲ್ಲಿನ ಮುಂದೆ ನಿಂತು ಕಂಚು ತೋರಿಸುವ ವಯಸ್ಸೇ ನನ್ನದು?

ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕಲು ಶುರುವಾಗಿದೆ. ಪತ್ರ ಉದ್ದವಾಯಿತು. ನಿನ್ನ ಸೊಂಟ ಬೇಗ ಗಟ್ಟಿಯಾಗಲಿ, ಆಲಿಯ ಮಾತು ಸ್ವಲ್ಪ ಕೇಳುವ ಬುದ್ಧಿ ನಿನಗೆ ಬರಲಿ. ಫ್ರೇಯಾ ಶಾಲೆಯಲ್ಲಿ ಹೆದರದೆ ಮಾತಾಡಲಿ, ಮರೆತರೆ ಮನಸ್ಸಿಗೆ ಬಂದದ್ದನ್ನು ಸೇರಿಸಿಕೊಳ್ಳಲು ಅಜ್ಜಿಯ ಅಪ್ಪಣೆಯಿದೆ ಎಂದು ಹೇಳು. ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ, ಹಸುಗಳಿಗೂ. ಪೀರ್ ನೆನಪು ಹೇಳಿದ್ದಾನೆ.

ನಿನ್ನ ಅಕ್ಕ,
ರಿನ್ಸ್ಕೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಪ್ಪ ಆ ದಿನ ಏನೂ ಮಾತಾಡಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ಫ್ರೇಯಾಗೆ. ನಾನು ಬಟ್ಟೆಯನ್ನೂ ಬದಲಿಸದೆ, ಸಾಕ್ಸಿನ ಕಾಲಿನಲ್ಲೇ ಬಸ್ಸಿನ ಹತ್ತಿರ ಓಡಿ ಹೋಗಿದ್ದೆ. ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. “ನಿನ್ನ ಬದಲು ಬೇರೆ ಯಾರ ಮನೆ ಮಗಳಾದ್ರೂ ಓಡಿದ್ರೆ ಚಪ್ಪಾಳೆ ತಟ್ಟಿರ್ತಿದ್ದೆ” ಎಂದು ಹೇಳಿ ಒಳಗೆ ಹೋಗಿ ಕೂತರು. ಇದನ್ನು ಪೀರ್‌ಗೂ ಹೇಳಿಲ್ಲ. ಅಲ್ಲಿಂದ ಸಾಯುವವರೆಗೂ ಏಳು ವರ್ಷ, ಕಾಫಿ ಕುಡಿದೆವು, ಹಬ್ಬ ಮಾಡಿದೆವು, ನನ್ನ ಮದುವೆಯಲ್ಲಿ ಅವರು ಕುಣಿದರೂ ಕುಣಿದರು. ನನ್ನ ಓಟದ ಬಗ್ಗೆ ಮಾತ್ರ ಒಂದು ಮಾತಿಲ್ಲ. ಆ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಅವರ ಪಕ್ಕದಲ್ಲಿ ಕೂತು ಹಾಲು ಕರೆದವನು ನೀನು. ಎಂದಾದರೂ, ಹಸುವಿನ ಹೊಟ್ಟೆಗೆ ಹಣೆಯೊತ್ತಿಕೊಂಡಾದರೂ, ನನ್ನ ಬಗ್ಗೆ ಏನಾದರೂ ಅಂದಿದ್ದರೆ ಬರೆ, ಕೆಟ್ಟದ್ದಾದರೂ ಸರಿ. ಏನೂ ಅಂದಿರದಿದ್ದರೆ, ಸೀಬ್ರೆನ್, ಅಂದಿದ್ದರು ಎಂದು ಮಾತ್ರ ಬರೆಯಬೇಡ.